ಮೂಗು ಹಿಡಿದು ಮಾತಾಡಿದ ಡಿಸ್ಕ್

"ಇನ್ನೊಂದ್ಸಲ ಹಾಕು," ಅಂದೆ.

"ಇದು ಏಳನೇ ಸಲ, ಭಾವ," ಅಂದ್ಲು ನಾದಿನಿ. ಆದ್ರೂ ಹಾಕಿದ್ಲು.

ಡಿಸ್ಕ್ ತಿರುಗ್ತು. ಮೊದ್ಲು ಏನೂ ಇಲ್ಲ. ಆಮೇಲೆ ಯಾರೋ ಮೂಗು ಹಿಡ್ಕೊಂಡು ಮಾತಾಡಿದ್ರು, ನೆಗಡಿ ಆಗಿರೋ ಬಾತುಕೋಳಿ ತರ.

"ಮೇಲ್ಪದರದ ಡಿಸ್ಕ್ ಒತ್ತಬೇಡಿ. ಕೆಳಪದರ ಬೇಕಾದ್ರೆ ಒತ್ಕೊಳ್ಳಿ, ನಂದೇನೂ ತಕರಾರಿಲ್ಲ. ನಾಲ್ಕು ಗಂಟೆಗೆ ಬರೋರನ್ನ ಹಾಗೇ ವಾಪಸ್ ಕಳಿಸಿ. ಇಲ್ಲಾಂದ್ರೆ ಟೇಪು ಬೂದಿ."

ಅಷ್ಟೇ. ಇವತ್ತು ಬೆಳಿಗ್ಗೆ ಕಾರ್ಖಾನೆ ಗೇಟಿನ ಟಪಾಲು ಡಬ್ಬೀಲಿ ವಿಳಾಸ ಇಲ್ಲದ ಕವರಲ್ಲಿ ಬಂದಿತ್ತು.

ಹಳೇ ಗಾಯಕಿಯ ಕೊನೇ ಹಾಡಿನ ಮೂಲ ಟೇಪು ಈ ಡಿಸ್ಕ್ ಕಾರ್ಖಾನೆಯ ಬೀರುವಿನಿಂದ ಮಾಯ ಆಗಿ ಹನ್ನೊಂದು ದಿನ ಆಗಿತ್ತು. ಬೀರುವಿಗಿದ್ದ ಒಂದೇ ಒಂದು ಕೀಲಿ ನನ್ನ ನಾದಿನಿಯ ಕೈಚೀಲದಲ್ಲಿತ್ತು.

ಅವಳ ಕೆಲ್ಸ ಏನಂದ್ರೆ, ಹಾಡನ್ನ ಡಿಸ್ಕಿಗೆ ಇಳಿಸೋ ಮುಂಚೆ ಕೊನೇ ಸಲ ಕಿವಿ ಕೊಟ್ಟು ಸರಿ ಮಾಡೋದು. ಇಲ್ಲಿ ತಯಾರಾಗೋದು ಎರಡು ಪದರದ ಡಿಸ್ಕು. ಕೆಳಪದರ ಮಾಮೂಲಿ, ಯಾವ ಡಬ್ಬಾ ಪ್ಲೇಯರಲ್ಲಾದ್ರೂ ಓಡುತ್ತೆ. ಮೇಲ್ಪದರದಲ್ಲಿ ದಪ್ಪ ದನಿ, ಅಂದ್ರೆ ಒಂದು ಸದ್ದೂ ಬಿಡದೆ ಪೂರ್ತಿ ಹಿಡಿದಿದ್ದು. ಹಾಡುಗಾರ ಎಂಜಲು ನುಂಗಿದ್ದೂ ಕೇಳ್ಸುತ್ತೆ. ಇಂಥ ಡಿಸ್ಕ್ ಒತ್ತೋ ಪ್ರೆಸ್ ಉಳಿದಿರೋದು ಇದೊಂದೇ. ಇವತ್ತು ನಾಲ್ಕು ಗಂಟೆಗೆ ಡಿಸ್ಕ್ ಕೂಡಿಡೋರ ಸಂಘದಿಂದ ಮೂರು ಜನ ಬರ್ತಾರೆ. ಮೂಲ ಟೇಪಿನಿಂದ ತೆಗೆದ ಮೇಲ್ಪದರ ಕೇಳಿ ಒಪ್ಪಿದ್ರೆ ಐದು ವರ್ಷದ ಆರ್ಡರು. ಇಲ್ಲಾಂದ್ರೆ ಪ್ರೆಸ್ ಗುಜರಿಗೆ, ನಾದಿನಿಯ ಮೇಲೆ ಪೊಲೀಸ್ ಕಂಪ್ಲೇಂಟು. ಮ್ಯಾನೇಜರ್ ಅದನ್ನ ಆಗ್ಲೇ ಟೈಪ್ ಮಾಡಿಸಿ ಇಟ್ಕೊಂಡಿದ್ದ.

ಗಡಿಯಾರ ಹನ್ನೆರಡೂ ನಲವತ್ತು ತೋರಿಸ್ತಿತ್ತು.

ನಾನು ಪತ್ತೇದಾರ ಆಗೋಕೆ ಮುಂಚೆ ಇಪ್ಪತ್ತೆರಡು ವರ್ಷ ಡಿಸ್ಕ್ ಪ್ಲೇಯರ್ ರಿಪೇರಿ ಮಾಡ್ತಿದ್ದೆ. ಅದಕ್ಕೇ ಎಲ್ಲರೂ ನನ್ನ ಲೆನ್ಸಣ್ಣ ಅಂತಾರೆ. ನಾನು ಲೆನ್ಸ್ ಒರೆಸಿದ ಒಂದು ಪ್ಲೇಯರು ಎಷ್ಟು ಚುರುಕಾಗಿತ್ತು ಅಂದ್ರೆ, ಡಿಸ್ಕ್ ಹಾಕೋಕೆ ಮುಂಚೇನೇ ಮುಂದಿನ ಹಾಡು ಶುರು ಮಾಡ್ತಿತ್ತು. ಗಿರಾಕಿ ಹೆದರಿ ವಾಪಸ್ ತಂದ.

"ಟೇಪಿಂದ ಒಂದು ಕಾಪಿ ಆದ್ರೂ ಮಾಡಿ ಇಟ್ಕೋಬಾರ್ದಿತ್ತಾ?" ಅಂದೆ.

"ಹೇಗೆ ಮಾಡ್ಲಿ? ಹಳೇ ಟೇಪು ಅಂಟಂಟಾಗಿರುತ್ತೆ. ಒಂಬತ್ತು ದಿನ ಬೆಚ್ಚಗಿಟ್ಟು ಒಣಗಿಸಿ ಆಮೇಲೆ ಒಂದೇ ಒಂದ್ಸಲ ಓಡಿಸ್ಬೇಕು. ಮಾರನೇ ದಿನ ಬೆಳಿಗ್ಗೆ ಓಡಿಸೋದಿತ್ತು. ಹಿಂದಿನ ದಿನ ಹೋಯ್ತು."

"ಅಂದ್ರೆ ಮೂಲವನ್ನ ಯಾರೂ ಕೇಳೇ ಇಲ್ಲ."

"ಅಪ್ಪ ಕೇಳಿದ್ರು. ರೆಕಾರ್ಡ್ ಮಾಡಿದ್ದೇ ಅವ್ರು. ಅವ್ರೀಗ ಇಲ್ಲ." ಅವಳು ಊಟದ ಡಬ್ಬಿಯನ್ನ ದೂರ ತಳ್ಳಿದ್ಲು. ಅತ್ತೆ ದಿನಾ ಹನ್ನೆರಡಕ್ಕೆ ತಂದಿಟ್ಟು, ಚೀಲ ಒಗೀಬೇಕು ಅಂತ ಚೀಲ ಮಾತ್ರ ವಾಪಸ್ ತಗೊಂಡು ಹೋಗೋರು. ಗೇಟಿನ ಪುಸ್ತಕದಲ್ಲಿ ಅತ್ತೆಯ ಹೆಸರೇ ಇರ್ಲಿಲ್ಲ. "ಅಮ್ಮಾವ್ರನ್ನ ಏನ್ ಬರ್ಕೊಳ್ಳೋದು ಸಾರ್," ಅಂದಿದ್ದ ಗೇಟಿನೋನು, ಗಾಳಿಯನ್ನ ಬರ್ಕೊಳ್ಳಿ ಅಂದವರನ್ನ ನೋಡೋ ತರ ನನ್ನ ನೋಡ್ತಾ.

"ಭಾವ, ನಿಮಗೊಂದು ಹೇಳ್ಬೇಕು. ಯಾರಿಗೂ ಹೇಳ್ಬೇಡಿ."

ಅವಳು ಡಿಸ್ಕನ್ನ ಮತ್ತೆ ಮೊದಲಿಗೆ ತಂದ್ಲು. ಮೌನ ಓಡ್ತಿರೋವಾಗ ಸೆಕೆಂಡ್ ತೋರಿಸೋ ಅಂಕಿ ಮೇಲೆ ಬೆರಳಿಟ್ಲು.

"ಮಾತಿಗೆ ಮುಂಚೆ ಇದೆ ನೋಡಿ, ಇದು. ಸರಿಯಾಗಿ ಮೂರು ಸೆಕೆಂಡು. ಹಾಡಿಗೆ ಮುಂಚೆ ಕೋಣೆ ಉಸಿರಾಡಬೇಕು ಅಂತಿದ್ರು ಅಪ್ಪ. ನನ್ನ ಒಂದೊಂದು ಡಿಸ್ಕಲ್ಲೂ ಬಿಡ್ತೀನಿ. ಬೇರೆ ಯಾರೂ ಬಿಡಲ್ಲ."

ನಾನು ಎದ್ದು ಬಾಗಿಲು ಮುಂದಕ್ಕೆ ತಳ್ಳಿದೆ.

"ಮ್ಯಾನೇಜರಿಗೆ ಗೊತ್ತಾ?"

"ಮೂರು ಸೆಕೆಂಡ್ ವೇಸ್ಟು ಅಂತ ಹತ್ತು ಸಲ ಬೈದಿದ್ದಾನೆ."

ಬೆದರಿಕೆ ಹಾಕೋ ಕಳ್ಳ ಕಾಗದದಲ್ಲಿ ಬರೀಬಹುದಿತ್ತು. ಫೋನಲ್ಲಿ ಮಾತಾಡಿ ಕಳಿಸಬಹುದಿತ್ತು. ಈ ಮಹಾತ್ಮ ಒಳ್ಳೇ ಮೈಕು ಹಿಡಿದು, ದಪ್ಪ ದನೀಲಿ ರೆಕಾರ್ಡ್ ಮಾಡಿ, ಮೂಗು ಹಿಡಿಯೋಕೆ ಮುಂಚೆ ಕೋಣೆಗೆ ಮೂರು ಸೆಕೆಂಡ್ ಉಸಿರಾಡೋಕೆ ಬಿಟ್ಟಿದ್ದ. ಹೊರಗಿನ ಕಳ್ಳನಿಗೆ ಇಷ್ಟು ಶ್ರದ್ಧೆ ಎಲ್ಲಿಂದ ಬರ್ಬೇಕು?

"ಆ ಮೂರು ಸೆಕೆಂಡನ್ನ ಸ್ಕ್ರೀನಲ್ಲಿ ತೋರಿಸು," ಅಂದೆ.

ಲ್ಯಾಪ್‌ಟಾಪಲ್ಲಿ ದನಿಯ ಚಿತ್ರ ಬಿಡಿಸ್ಕೊಂತು. ಕೆಳಗೆ ಗಡಸು ಸದ್ದು, ಮೇಲೆ ಹೋದಂಗೆ ಕೀರಲು ಸದ್ದು. ಮನುಷ್ಯರ ಕಿವಿ ಮುಗಿಯೋ ಕಡೆ ಅವಳು ನಿಲ್ಲಿಸಿದ್ಲು.

"ಇನ್ನೂ ಮೇಲೆ ಹೋಗು."

"ಅಲ್ಲೇನಿರುತ್ತೆ? ಯಾರಿಗೂ ಕೇಳಿಸಲ್ಲ."

"ಕೇಳಿಸದೇ ಇರೋದನ್ನ ಇಡೋಕೇ ತಾನೆ ನೀವು ಈ ಡಿಸ್ಕ್ ಮಾಡೋದು? ಹೋಗು."

ಸೆಕೆಂಡಿಗೆ ಇಪ್ಪತ್ತಾರು ಸಾವಿರ ಕಂಪನದ ಹತ್ರ ಒಂದು ಗೆರೆ ಸಿಕ್ತು. ಕೂದಲಿನಷ್ಟು ಸಣ್ಣದು. ಉದ್ದ, ಉದ್ದ, ಒಂದು ಬಿಕ್ಕಳಿಕೆ. ಮತ್ತೆ ಉದ್ದ, ಉದ್ದ, ಬಿಕ್ಕಳಿಕೆ.

ನನಗೆ ಆ ಗೆರೆ ಗೊತ್ತು. ಅಂಗಡೀಲಿ ಇಲಿಗಳು ವೈರು ಕಡೀತಾವೆ ಅಂತ ನಾನೂ ಒಂದು ತಂದಿದ್ದೆ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸೋ ಇಲಿ ಓಡಿಸೋ ಡಬ್ಬಿ. ನಮ್ಮ ಕಿವಿಗೆ ಸಿಗದ ಸಿಳ್ಳೆ ಹಾಕುತ್ತೆ, ಇಲಿ ತಲೆ ಕೆಟ್ಟು ಓಡುತ್ತೆ. ನಮ್ಮಂಗಡಿ ಇಲಿಗಳು ಮಾತ್ರ ಅದರ ಮುಂದೆ ಸಂಸಾರ ಹೂಡಿದ್ವು. ಒಂದು ಮರಿಗೆ ಅದರ ತಾಳ ಇಲ್ಲದೆ ನಿದ್ದೇನೇ ಬರ್ತಿರ್ಲಿಲ್ಲ.

"ಈ ಬಿಕ್ಕಳಿಸೋ ಡಬ್ಬಿ ಎಲ್ಲಿದೆಯೋ, ಆ ಕೋಣೇಲಿ ನಿಂತು ಮಾತಾಡಿದ್ದಾನೆ ಕಳ್ಳ," ಅಂದೆ. "ಮೈಕ್ ತಗೋ. ನಡಿ."

ನಾದಿನಿಯ ಮುಖಕ್ಕೆ ಹನ್ನೊಂದು ದಿನದಲ್ಲಿ ಮೊದಲ ಸಲ ಸ್ವಲ್ಪ ರಕ್ತ ಬಂತು.

ಪ್ರೆಸ್ ಹಾಲಲ್ಲಿ ಮೇಸ್ತ್ರಿ ಒಬ್ಬನೇ ಇದ್ದ. ಪ್ರೆಸ್ ನಿಂತಿತ್ತು. ಆದ್ರೂ ಅವನು ಅದರ ಪಕ್ಕೆಗೆ ಎಣ್ಣೆ ಒರೆಸ್ತಾ, ಜ್ವರ ಬಂದ ಎಮ್ಮೆಗೆ ಮಾಡೋ ತರ ಸವರ್ತಿದ್ದ.

"ಇದರ ಮುಂದೆ ಏನಂತೆ?" ಅಂದ ನನ್ನ ನೋಡಿ. "ಡಿಸ್ಕ್ ಅನ್ನೋದೇ ಇರಲ್ಲ ಅಂತಾರೆ. ಎಲ್ಲಾ ಗಾಳೀಲಿ ಬರುತ್ತಂತೆ."

"ನಿನಗೇನನ್ಸುತ್ತೆ?"

"ಗಾಳೀಲಿ ಬಂದಿದ್ದು ಗಾಳೀಲೇ ಹೋಗುತ್ತೆ. ಕೈಗೆ ಸಿಗೋದು ಒಂದಾದ್ರೂ ಇರ್ಬೇಕಲ್ಲ." ಒರೆಸೋ ಬಟ್ಟೆ ಮಡಿಚಿದ. "ಟೇಪ್ ಸಿಗುತ್ತಾ ಲೆನ್ಸಣ್ಣ?"

ಈ ಮನುಷ್ಯ ಪ್ರೆಸ್ ನಿಲ್ಲಿಸಿ ಅಂತ ಮೂಗು ಹಿಡಿಯೋದು ಹಾಗಿರ್ಲಿ, ಯಾರಾದ್ರೂ ಹಿಡಿದಿದ್ರೆ ಅವರ ಮೂಗು ಕಿತ್ತು ತರ್ತಿದ್ದ. ಹಾಲಲ್ಲಿ ಗೆರೆಯೂ ಇರ್ಲಿಲ್ಲ.

ಡಿಸ್ಕಿನ ಕವರಿಡೋ ಗೋದಾಮಲ್ಲಿ ಇಲಿ ಡಬ್ಬಿ ಸಿಕ್ತು. ಕಾಗದದ ಕವರುಗಳ ರಾಶಿ ಹಿಂದೆ ಒಂದು ಡಬ್ಬಿ, ಹಸಿರು ದೀಪ. ನಾದಿನಿ ಉಸಿರು ಬಿಗಿ ಹಿಡಿದು ಮೈಕ್ ಚಾಚಿದ್ಲು. ಉದ್ದ, ಉದ್ದ, ಉದ್ದ. ಬಿಕ್ಕಳಿಕೆ ಇಲ್ಲ.

"ಇಂಥವು ಇನ್ನೆಷ್ಟಿವೆ?"

"ಮ್ಯಾನೇಜರ್ ತರ್ಸಿದ್ದು. ಅವನ ರೂಮಲ್ಲೂ ಒಂದಿದೆ," ಅಂದ್ಲು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ.

ಒಂದೂವರೆ.

ಮ್ಯಾನೇಜರಿಗೆ ಕಾರ್ಖಾನೇಲಿ ಗಂಟಲು ಅಂತ ಹೆಸರು. ಎರಡು ಮಾತಿಗೊಂದು ಸಲ ಗಂಟಲು ಕೆರೀತಾನೆ. ಪ್ರೆಸ್ ಗುಜರಿಗೆ ಹೋದ್ರೆ ಕಟ್ಟಡ ಕೊಂಡ್ಕೊಳ್ಳೋ ಗಿರಾಕಿಯನ್ನ ಆಗ್ಲೇ ಹುಡುಕಿ ಇಟ್ಟಿದ್ದಾನೆ ಅಂತ ಎಲ್ಲರಿಗೂ ಗೊತ್ತಿತ್ತು. ಮೇಜಿನ ಮೇಲೆ ಕಂಪ್ಲೇಂಟು, ಅದರ ಮೇಲೊಂದು ಪೆನ್ನು, ಪಕ್ಕದಲ್ಲಿ ಕುಡಿದು ಮುಗಿಸಿದ ಕಾಫಿ ಲೋಟ.

"ಬನ್ನಿ ಲೆನ್ಸಣ್ಣ. ಖಹ್ಖ. ಕುಟುಂಬ ಸಮೇತ ಬಂದ್ರಿ. ಸಿಕ್ತಾ ಟೇಪು?"

"ಸಿಗೋ ಹಾಗಿದೆ. ಪ್ರೆಸ್ ನಿಂತ್ರೆ ನಿಮಗೆ ಅನುಕೂಲ ಅಲ್ವಾ?"

"ಅನುಕೂಲ ಏನ್ ಬಂತು, ವಾಸ್ತವ. ಖಹ್ಖ. ನನ್ನ ಮಗಳು ಹಾಡು ಕೇಳೋದು ಫೋನಲ್ಲಿ, ಅದೂ ಅರ್ಧ ಹಾಡು. ನೀವು ಇಪ್ಪತ್ತಾರು ಸಾವಿರದ ಸದ್ದು ಹಿಡಿದಿಟ್ಟಿದ್ದೀವಿ ಅಂತ ಹೋದ್ರೆ ಯಾರು ಕೇಳ್ತಾರೆ? ಬಾವಲಿಗಳಿಗೆ ಮಾರ್ತೀರಾ?"

ನಾನು ಇಪ್ಪತ್ತಾರು ಸಾವಿರ ಅಂತ ಅವನಿಗೆ ಹೇಳಿರ್ಲಿಲ್ಲ.

"ಇಪ್ಪತ್ತಾರೇ ಯಾಕೆ ಅಂದ್ರಿ?" ಅಂದೆ ಮೆಲ್ಲಗೆ.

ಅವನು ಮೇಜಿನ ಕೆಳಗೆ ಬಗ್ಗಿ ಡಬ್ಬಿ ಕಿತ್ತು ಮುಂದೆ ಇಟ್ಟ. ಅದರ ಬೆನ್ನ ಮೇಲೆ ಆ ಸಂಖ್ಯೆ ಅಚ್ಚಾಗಿತ್ತು. "ಗೋದಾಮಿನೋನು ಫೋನ್ ಮಾಡಿದ್ದ. ಇಲಿ ಡಬ್ಬಿ ಮುಂದೆ ಮೈಕ್ ಹಿಡೀತಿದ್ದೀರಂತೆ, ಡಾಕ್ಟರನ್ನ ಕರೀಲಾ ಅಂತ ಕೇಳ್ದ. ಖಹ್ಖ."

ನಾದಿನಿ ಅದನ್ನ ಗೋಡೆಗೆ ಸಿಕ್ಕಿಸಿ ಮೈಕ್ ಹಿಡಿದ್ಲು. ಉದ್ದ, ಉದ್ದ, ಉದ್ದ. ಗಟ್ಟಿಮುಟ್ಟಾದ ಆರೋಗ್ಯವಂತ ಡಬ್ಬಿ.

"ಮ್ಯಾನೇಜರೇ, ಒಂದು ಸಹಾಯ. ಮೂರು ಸೆಕೆಂಡ್ ಸುಮ್ನಿರಿ."

"ಯಾಕೆ?"

"ಸುಮ್ನಿರಿ ಸಾರ್."

ಅವನು ಬಾಯಿ ಮುಚ್ಚಿದ. ಒಂದು. ಮುಖ ಕೆಂಪಾಯ್ತು. ಕುತ್ತಿಗೆಯ ನರ ಉಬ್ಬಿತು. ಎರಡು ಅನ್ನೋಕೆ ಮುಂಚೆ ಖಹ್ಖ ಅಂತ ಸಿಡಿದ. ಮೇಜಿನ ಮೇಲಿದ್ದ ಪೆನ್ನು ಅರ್ಧ ಅಡಿ ಸರೀತು. ಬೇರೆಯವರು ನಂಬದೇ ಇರಬಹುದು, ನಾನು ಅಳತೆ ಮಾಡಿದ್ದೀನಿ.

ಡಿಸ್ಕಲ್ಲಿದ್ದ ಮೂರು ಸೆಕೆಂಡ್ ಇವನ ಕೈಲಿ ಈ ಜನ್ಮದಲ್ಲಿ ಆಗಲ್ಲ. ನನಗೆ ಬೇಕಾಗಿದ್ದ ಕಳ್ಳ ಕಣ್ಣ ಮುಂದೇನೇ ಒಳ್ಳೇ ಮನುಷ್ಯ ಆಗ್ಬಿಟ್ಟ.

"ಡಬ್ಬಿ ತರ್ಸಿದ್ದು ಎರಡೇನಾ?" ಅಂದೆ, ಎದ್ದು ನಿಲ್ತಾ, ಸುಮ್ಮನೆ ಕೇಳೋ ತರ.

"ಮೂರು. ಒಂದು ಕೆಟ್ಟಿತ್ತು. ದೀಪ ಎರಡು ಸಲ ಸರಿಯಾಗಿ ಉರಿಯೋದು, ಮೂರನೇ ಸಲ ಪಿಕ್ ಅನ್ನೋದು. ಬಿಸಾಕೋಣ ಅಂದ್ಕೊಂಡೆ. ಊಟ ತರೋ ಅಮ್ಮ ನೋಡಿ, ಮನೇಲಿ ಇಲಿ ಕಾಟ, ಕೊಡಪ್ಪಾ ಅಂದ್ರು. ಕೊಟ್ಟೆ."

ಆಗ ಬೇಕಿದ್ರೆ ಮೂರಲ್ಲ, ಹತ್ತು ಸೆಕೆಂಡ್ ಮೌನ ಸಿಗ್ತಿತ್ತು. ಗಂಟಲು ಕೂಡ ಕೆರೀಲಿಲ್ಲ.

ಅವನು ದಡ್ಡ ಅಲ್ಲ. ನನ್ನ ನೋಡ್ದ, ಲ್ಯಾಪ್‌ಟಾಪ್ ನೋಡ್ದ, ಕೊನೆಗೆ ನಾದಿನಿಯನ್ನ ನೋಡ್ದ. ಪೆನ್ನು ತಗೊಂಡ.

"ಬೆದರಿಕೆಯ ಡಿಸ್ಕಲ್ಲಿ ಡಬ್ಬಿ ಸದ್ದಿದೆ. ಅಲ್ವಾ? ಅದು ನಿಮ್ಮ ಮನೆಯ ಡಬ್ಬಿ." ಕಂಪ್ಲೇಂಟಿನ ಕೆಳಗೆ ನಿಧಾನವಾಗಿ ಒಂದು ಸಾಲು ಸೇರಿಸಿದ. "ಥ್ಯಾಂಕ್ಸ್ ಲೆನ್ಸಣ್ಣ. ಸಾಕ್ಷಿ ಒಂದೇ ಕಮ್ಮಿ ಇತ್ತು. ಖಹ್ಖ. ನಾಲ್ಕು ಗಂಟೆ."

ಸ್ಕೂಟರಲ್ಲಿ ಹಿಂದೆ ಕೂತ ನಾದಿನಿ ಲ್ಯಾಪ್‌ಟಾಪನ್ನ ಎದೆಗೆ ಅವಚ್ಕೊಂಡಿದ್ಲು. ಎರಡು ಸಿಗ್ನಲ್ ದಾಟಿದ್ವಿ.

"ಭಾವ, ನಾನಲ್ಲ."

"ಗೊತ್ತು."

"ಗೊತ್ತಿಲ್ಲ ನಿಮಗೆ. ನೀವು ಸ್ಕೂಟರನ್ನ ಇಷ್ಟು ನಿಧಾನಕ್ಕೆ ಓಡಿಸೋದೇ ಇಲ್ಲ."

ನಿಜ. ಎತ್ತಿನ ಗಾಡಿಯೊಂದು ಇದ್ದಿದ್ರೆ ಹಾರ್ನ್ ಹೊಡೆದು ನನ್ನ ಹಿಂದೆ ಹಾಕ್ತಿತ್ತು. ನಮ್ಮ ಮನೇಲಿ ಕೆಳಗೆ ನಾನು, ನನ್ನ ಹೆಂಡತಿ. ಮೇಲೆ ಅತ್ತೆ, ನಾದಿನಿ. ಹೆಂಡತಿ ಶಾಲೇಲಿ ಪಾಠ ಮಾಡ್ತಾಳೆ, ಮೈಕ್ ಕಂಡ್ರೆ ಪ್ರಾರ್ಥನೆ ಹೇಳಿಸ್ತಾಳೆ, ಅಷ್ಟೇ ಅವಳಿಗೆ ಗೊತ್ತಿರೋದು. ನಾನು ಮಾಡಿಲ್ಲ. ಕೀಲಿ ಇದ್ದಿದ್ದು ನಾದಿನಿ ಹತ್ರ, ಮೂರು ಸೆಕೆಂಡ್ ಅಭ್ಯಾಸ ಇರೋದು ನಾದಿನಿಗೆ. ನನ್ನ ತಲೆ ಒಂದೊಂದೇ ಬೆರಳು ಮಡಿಸ್ತಾ ಹೋಯ್ತು. ಬೇಡ ಅಂದ್ರೂ ಕೇಳ್ಲಿಲ್ಲ.

ಮೆಟ್ಟಿಲ ತಿರುವಲ್ಲಿ ಕುರ್ಚಿ ಮೇಲೆ ಗೋಡೆ ಗಡಿಯಾರ ಅಂಗಾತ ಮಲಗಿತ್ತು. ಎರಡೂ ಹತ್ತು. ಇದು ಇಲ್ಲಿಗೆ ಯಾಕೆ ಬಂತು ಅಂತ ಅನ್ನಿಸ್ತು, ಆದ್ರೆ ನಿಲ್ಲಲಿಲ್ಲ.

ಮಾವನ ರೆಕಾರ್ಡಿಂಗ್ ಕೋಣೆ ಅವರು ಹೋದಾಗಿಂದ ಹಾಗೇ ಇದೆ. ಗೋಡೆಗೆ ಕಂಬಳಿ, ಮಧ್ಯ ಸ್ಟ್ಯಾಂಡಿಗೆ ಮೈಕು, ಮೂಲೇಲಿ ಡಿಸ್ಕಿಗೆ ಬರೆಯೋ ಅವರ ದೊಡ್ಡ ರೆಕಾರ್ಡರು. ಎಲ್ಲದರ ಮೇಲೂ ಬೆರಳಷ್ಟು ಧೂಳು. ಮೈಕು, ರೆಕಾರ್ಡರಿನ ಮೇಲೆ ಮಾತ್ರ ಇಲ್ಲ. ಗೋಡೆಯ ಪ್ಲಗ್ಗಲ್ಲಿ ಇಲಿ ಡಬ್ಬಿಯ ಹಸಿರು ದೀಪ. ಎರಡು ಸಲ ಸರಿಯಾಗಿ ಉರೀತು. ಮೂರನೇ ಸಲ ಪಿಕ್ ಅಂತು.

ನಾದಿನಿ ಲ್ಯಾಪ್‌ಟಾಪ್ ತೆರೆದು ರೆಕಾರ್ಡ್ ಒತ್ತಿದ್ಲು. ನಾನು ಮೈಕ್ ಹಿಡಿದೆ. ಉದ್ದ, ಉದ್ದ, ಬಿಕ್ಕಳಿಕೆ. ಬೆದರಿಕೆ ಡಿಸ್ಕಿನ ಗೆರೇನೂ ಈ ಗೆರೇನೂ ಅವಳಿ ಮಕ್ಕಳು.

"ಊಟ ಆಯ್ತಾ?" ಅಂತ ಹಿಂದಿನಿಂದ ದನಿ ಬಂತು.

ಅತ್ತೆ ಒದ್ದೆ ಕೈ ಸೆರಗಿಗೆ ಒರೆಸ್ತಾ ಒಳಗೆ ಬಂದ್ರು. ಕನ್ನಡಕ ಹಣೆಯಿಂದ ಇಳಿಸಿ ಸ್ಕ್ರೀನ್ ನೋಡಿದ್ರು.

"ಅದೇನಪ್ಪಾ ಗೆರೆ?"

"ಇಲಿ ಓಡಿಸೋ ಡಬ್ಬಿ, ಅತ್ತೆ. ನಮಗೆ ಕೇಳಿಸಲ್ಲ. ಮೈಕಿಗೆ ಕೇಳಿಸುತ್ತೆ."

"ಅಯ್ಯೋ," ಅಂದ್ರು. "ಅದನ್ನ ಆರಿಸ್ಬೇಕಿತ್ತಲ್ಲ."

ನಾನು ಮೈಕ್ ಹಿಡ್ಕೊಂಡೇ ಅತ್ತೆ ಕಡೆ ತಿರುಗಿದೆ.

"ಫ್ಯಾನ್ ಆರಿಸಿದ್ದೆ. ಟಿಕ್ ಟಿಕ್ ಅನ್ನುತ್ತೆ ಅಂತ ಗಡಿಯಾರ ತೆಗೆದು ಮೆಟ್ಟಿಲ ತಿರುವಲ್ಲಿಟ್ಟೆ. ಇದು ಹೊಳೀಲೇ ಇಲ್ಲ ನೋಡು. ನಿಮ್ಮ ಮಾವ ಇದ್ದಿದ್ರೆ ಬೈದಿರೋರು."

"ಅಮ್ಮಾ," ಅಂದ್ಲು ನಾದಿನಿ.

"ಕಮ್ಮಿ ದರ್ಜೇಲಿ ರೆಕಾರ್ಡ್ ಮಾಡೋಕೆ ಕೈ ಬರ್ಲಿಲ್ಲ ಕಣೆ. ಮೂವತ್ತು ವರ್ಷ ಅವ್ರ ಪಕ್ಕ ಕೂತು ಕೆಂಪು ಗುಂಡಿ ಒತ್ತಿದ್ದೀನಿ. ಮೂಗು ಹಿಡಿದ ದನಿ ಆದ್ರೇನು, ಮೈಕು ಅವ್ರದ್ದು."

"ನನ್ನ ಮೇಲೆ ಕಂಪ್ಲೇಂಟ್ ಬರೆದಿಟ್ಟಿದ್ದಾರೆ! ನಾಲ್ಕು ಗಂಟೆಗೆ ಪೊಲೀಸರಿಗೆ ಕೊಡ್ತಾರೆ!"

"ಅದ್ಯಾಕೆ ಕೊಡ್ತಾರೆ? ಬಂದೋರನ್ನ ವಾಪಸ್ ಕಳಿಸಿದ್ರೆ ನಾಳೆ ಊಟದ ಜೊತೆ ಟೇಪ್ ತಂದಿಡ್ತಿದ್ದೆ. ಕೀಲೀನೂ ನಿನ್ನ ಕೈಚೀಲದಿಂದ ತಗೊಂಡು ಅಲ್ಲೇ ವಾಪಸ್ ಇಟ್ಟಿದ್ದೆ." ಅತ್ತೆ ಗೋಡೆಯ ಗೂಟದ ಕಡೆ ಗಲ್ಲ ತೋರಿಸಿದ್ರು. ಒಗೀಬೇಕಾಗಿದ್ದ ಊಟದ ಚೀಲ ನೇತಾಡ್ತಿತ್ತು. ಡಬ್ಬಿ ಕಾರ್ಖಾನೇಲಿತ್ತು, ಚೀಲ ಮಾತ್ರ ಚೌಕಾಕಾರವಾಗಿ ಉಬ್ಬಿತ್ತು.

ನಾದಿನಿ ಅದರ ಕಡೆ ಹೆಜ್ಜೆ ಇಟ್ಲು. ಅತ್ತೆ ಅಡ್ಡ ನಿಂತ್ರು. ಅವಳ ಭುಜದಷ್ಟೇ ಎತ್ತರ. ಆದ್ರೂ ಅವಳು ನಿಂತುಬಿಟ್ಲು.

"ಕೇಳ್ಬೇಡ ಕಣೆ ಅದನ್ನ."

"ಯಾಕೆ? ಏನಿದೆ ಅದ್ರಲ್ಲಿ?"

ಅತ್ತೆ ಬಲಗೈ ಎತ್ತಿ ಬೆರಳು ಮಡಿಸಿದ್ರು, ಒಂದು, ಎರಡು, ಮೂರು. ಹಾಡಿದ್ರು.

ಪದ ಇರ್ಲಿಲ್ಲ, ಬರೀ ದನಿ. ಗಾಯಕಿಯ ಆ ಕೊನೇ ಹಾಡಿನ ಹಳೇ ಡಿಸ್ಕನ್ನ ನಾನು ಅಂಗಡೀಲಿ ಪ್ಲೇಯರ್ ಪರೀಕ್ಷೆ ಮಾಡೋಕೆ ಸಾವಿರ ಸಲ ಹಾಕಿದ್ದೀನಿ. ಪ್ರತಿ ತಿರುವೂ ನನಗೆ ಬಾಯಿಪಾಠ. ಕಣ್ಮುಚ್ಚಿದ್ರೆ ಎದುರಿಗೆ ಗಾಯಕಿ. ತೆಗೆದ್ರೆ ಅತ್ತೆ. ನನ್ನ ಜೀವನದಲ್ಲಿ ಬೇಕಾದಷ್ಟು ಕತೆ ಕಟ್ಟಿದ್ದೀನಿ, ಇದನ್ನ ಕಟ್ಟೋ ತಾಕತ್ತು ನನಗಿಲ್ಲ.

"ಆವತ್ತು ಗಾಯಕಿಗೆ ದನಿ ಹೊರಟು ಹೋಗಿತ್ತು," ಅಂದ್ರು ಅತ್ತೆ. "ಜ್ವರ. ಕಂಪನಿಯೋರು ಹೊರಗೆ ಕಾಯ್ತಿದ್ರು. ನಿಮ್ಮಪ್ಪ ನನ್ನ ಮುಖ ನೋಡಿದ್ರು. ಅಂಗಡಿಗೆ ಹೋದ ತೆಳ್ಳಗಿನ ಪ್ರತೀಲಿ ಏನೂ ಗೊತ್ತಾಗಲ್ಲ, ಉಸಿರೆಲ್ಲ ಕತ್ತರಿಸಿ ಒರೆಸಿ ಕೊಟ್ಟಿದ್ರು. ಮೂಲದಲ್ಲಿ ಎಲ್ಲಾ ಇದೆ. ಸಾಲು ಸಾಲಿಗೂ ನನ್ನ ಉಸಿರು. ಎರಡನೇ ಚರಣದ ಮುಂಚೆ ನೀನು ಅತ್ತಿದ್ದೂ ಇದೆ. ಮೂರು ತಿಂಗಳ ಮಗು, ನನ್ನ ತೊಡೆ ಮೇಲಿದ್ದೆ. ಶ್ಶ್ ಅಂತ ನಿನ್ನ ಹೆಸರು ಕರೆದಿದ್ದೀನಿ."

ನಾದಿನಿ ನೆಲದ ಮೇಲೆ ಕೂತ್ಲು.

"ಅದು ಹೊರಗೆ ಬಂದ್ರೆ ನಿಮ್ಮಪ್ಪನ್ನ ಮೋಸಗಾರ ಅಂತಾರೆ. ಜೀವಮಾನವೆಲ್ಲ ಒಂದು ಸದ್ದಿಗೂ ಸುಳ್ಳು ಹೇಳದೇ ಇದ್ದೋರು. ಒಂದೇ ಒಂದು ದಿನ ಹೇಳಿದ್ರು."

ನನ್ನ ಫೋನ್ ಹೊಡ್ಕೊಂತು. ಖಹ್ಖ ಮೊದಲು ಬಂತು, ಮಾತು ಆಮೇಲೆ.

"ಲೆನ್ಸಣ್ಣ, ಸಂಘದೋರು ಬೇಗ ಬಂದ್ಬಿಟ್ರು. ಮೂರು ಜನಾನೂ ಕೂತಿದ್ದಾರೆ, ಕಾಫಿನೂ ಬೇಡ ಅಂದ್ರು. ಕಂಪ್ಲೇಂಟ್ ಹಿಡ್ಕೊಂಡು ನಾನು ಗೇಟಲ್ಲೇ ನಿಂತಿದ್ದೀನಿ. ನಾಲ್ಕರವರೆಗೆ ಯಾಕೆ ಕಾಯ್ಬೇಕು? ಟೇಪು ಬರುತ್ತಾ? ಇಲ್ಲಾ, ಮಾಡಿದ್ದು ಯಾರು ಅಂತ ಒಂದು ಸಾಕ್ಷಿ ಆದ್ರೂ ಬರುತ್ತಾ?"

"ಹತ್ತು ನಿಮಿಷ," ಅಂದೆ.

"ಐದು." ಕಟ್ ಮಾಡ್ದ.

"ಭಾವ," ಅಂದ್ಲು ನಾದಿನಿ. ದನಿ ಎಲ್ಲೋ ದೂರದಿಂದ ಬಂದಂಗಿತ್ತು. ಅವಳ ಕಣ್ಣು ಅಮ್ಮನ ಮೇಲಿರ್ಲಿಲ್ಲ, ಚೀಲದ ಮೇಲೂ ಇರ್ಲಿಲ್ಲ. "ರೆಕಾರ್ಡ್ ಆಗ್ತಾನೇ ಇತ್ತು."

ನಾನು ಕೈ ನೋಡ್ಕೊಂಡೆ. ಮೈಕು ಇನ್ನೂ ಅತ್ತೆ ಕಡೆಗೇ ಚಾಚಿತ್ತು. ಗಡಿಯಾರ, ಫ್ಯಾನು, ಮೂಗು, ಹಾಡು, ಮಗುವಿನ ಅಳು, ಎಲ್ಲಾ ಲ್ಯಾಪ್‌ಟಾಪ್ ಒಳಗೆ ದಪ್ಪ ದನೀಲಿ ಕೂತಿತ್ತು. ಅವಳು ನಿಲ್ಲಿಸೋ ಗುಂಡಿ ಒತ್ತಿದ್ಲು. ಸ್ಕ್ರೀನ್ ಮಧ್ಯ ಒಂದು ಪುಟ್ಟ ಕಿಟಕಿ ತೆರ್ಕೊಂತು.

ಉಳಿಸಬೇಕೆ? ಅಳಿಸಬೇಕೆ?

ಅವಳ ತೋರುಬೆರಳು ಎರಡರ ನಡುವೆ ನಿಂತಿತ್ತು. ಅತ್ತೆ ಮಗಳ ಬೆರಳನ್ನೇ ನೋಡ್ತಾ, ತಮಗೇ ಗೊತ್ತಿಲ್ಲದ ಹಾಗೆ ತಮ್ಮ ಬೆರಳು ಮಡಿಸೋಕೆ ಶುರು ಮಾಡಿದ್ರು.

ಒಂದು.

ಎರಡು.